ಒಳಕೋಣೆಯ ಕಂಪ್ಯೂಟರ್

ಯಳಂದೂರಿನ ಜೇನು ಸಂಘದಲ್ಲಿ ಬಾಟಲಿಗೆ ಚೀಟಿ ಅಂಟಿಸುತ್ತಿದ್ದ ಮಹದೇವಿಯ ಕೈ ನಿಂತಿತು. ದಿನಾ ತಡವಾಗಿ ತೆರೆಯುತ್ತಿದ್ದ ಹೊರಗಿನ ಕಂಪ್ಯೂಟರಿನ ರಿಪೇರಿಗೆ ಬಂದಿದ್ದ ಮೂರ್ತಿ, "ಇದ್ರಲ್ಲಿ ಏನೂ ಕೆಟ್ಟಿಲ್ಲ ಕಣಕ್ಕ. ಒಳಕೋಣೆ ಕಂಪ್ಯೂಟರ್‌ಗೆ ಇದ್ನ ಜೋಡಿಸವ್ರೆ. ಅದ್ನ ಆಫ್ ಮಾಡವ್ರೆ. ಇದು ದಿನಾ ಬೆಳಿಗ್ಗೆ ಅದನ್ನೇ ಉಡುಕ್ತಾ ಕೂತ್ಕತದೆ, ಅದಕ್ಕೇ ಇಷ್ಟೊತ್ತು," ಅಂದ.

"ಅದು ಸುಟ್ಟೋಗಿ ವರ್ಷಾಯ್ತಲ್ಲಪ್ಪ?" ಹಾಗೆ ಹೇಳಿದ್ದು ಸಂಘದ ಗುಮಾಸ್ತೆ ಜ್ಯೋತಿಲಕ್ಷ್ಮಿ. ಮೂರ್ತಿ ಒಳಗೆ ಹೋಗಿ ಗುಂಡಿ ಒತ್ತಿದ. ಸುಟ್ಟ ಕಂಪ್ಯೂಟರ್ ಗುಯ್ ಎಂದು ಎದ್ದು ಕೂತಿತು.

ಹೊರಗಿನದೂ ಈಗ ಚಕ್ಕನೆ ತೆರೆಯಿತು. ಪರದೆಯ ಮೇಲೆ 'ಕಳಿಸದ ಕಾಗದಗಳು' ಎಂದಿತ್ತು. ಮಹದೇವಿ ಅಕ್ಷರ ಕೂಡಿಸಿ ಓದಿದಳು. ಮೊದಲನೆಯದೇ ಅವಳದು: ಬೆಟ್ಟದ ಮೇಲಿನ ನಮ್ಮ ಕಾಡುಹಳ್ಳಿಗೆ, ನಮ್ಮ ಪೋಡಿಗೆ, ಬಸ್ಸು ಬಿಡಿ ಎಂದು ಕಳೆದ ಯುಗಾದಿಯಲ್ಲಿ ಜ್ಯೋತಿಲಕ್ಷ್ಮಿಯ ಕೈಲಿ ಬಸ್ ಡಿಪೋದವರಿಗೆ ಬರೆಸಿದ್ದು. "ಕಳ್ಸಾಯ್ತು ಕಣಕ್ಕ, ಅವರೇ ಉತ್ತರ ಬರೆದಿಲ್ಲ" ಎನ್ನುತ್ತಿದ್ದ ಜ್ಯೋತಿಲಕ್ಷ್ಮಿಗೆ ಅವಳು ಮಡಿಲು ತುಂಬ ಕಾಡುನೆಲ್ಲಿ ತಂದುಕೊಟ್ಟಿದ್ದಳು.

ಜ್ಯೋತಿಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು. "ಬಸ್ಸು ಬಂದ್ರೆ ನಿಮ್ಮೋರು ಜೇನ್ನ ನೇರ ಕೊಳ್ಳೇಗಾಲಕ್ಕೇ ತಕಂಡೋಯ್ತಾರೆ. ಆಮೇಲೆ ಈ ಸಂಘ ಎಲ್ಲುಳಿತದಕ್ಕ?"

"ಮೊನ್ನೆ ಬಸುರಿ ಕಾಳೀನ ಜೋಲೀಲಿ ಒತ್ಕಂಡು ಬೆಟ್ಟ ಇಳುದ್ವಲ್ಲ. ನೀನೂ ಅಯ್ಯೋ ಅಂತ ಅತ್ಯಲ್ಲ ಜ್ಯೋತಿ. ಆಗ್ಲಾದ್ರೂ ಯೋಳ್ಬೋದಿತ್ತು."

ಮೂರ್ತಿ ಕಾಗದವನ್ನು ಪ್ರಿಂಟಿಗೆ ಹಾಕುವ ಮೊದಲು, "ತಾರೀಕು ತಿದ್ಲಾ ಅಕ್ಕ?" ಅಂದ.

"ಬ್ಯಾಡ. ಯಾವತ್ತು ಬರೆಸಿದ್ದು ಅಂತ ಅವರಿಗೂ ಗೊತ್ತಾಗ್ಲಿ."

ಮಹದೇವಿ ಸಹಿ ಹಾಕಿದಳು. ಚೀಟಿಯ ಅಂಟಿನಿಂದಲೇ ಲಕೋಟೆ ಮುಚ್ಚಿ, ರಸ್ತೆ ದಾಟಿ, ಅಂಚೆ ಡಬ್ಬಿಗೆ ತನ್ನ ಕೈಯಾರೆ ಹಾಕಿದಳು.