ಪೈವಳಿಕೆಯ ಕಲ್ಲಿನ ವಯಸ್ಸು

"ಇದೇ ಅಲ್ಲವೇ ಆ ಕಲ್ಲು?" ಎನ್ನುತ್ತ ಪ್ರೊಫೆಸರ್ ವೆಂಕಟಕೃಷ್ಣ ಪೈವಳಿಕೆಯ ತೆರೆಜಾ ಬಾಯಿಯ ಬಾವಿಕಟ್ಟೆಯ ಬಳಿ ಮೊಣಕಾಲೂರಿ, ಬಟ್ಟೆ ಒಗೆಯುವ ಕಲ್ಲನ್ನು ಭಕ್ತಿಯಿಂದ ಸವರಿದರು.

"ಹೌದು ಸರ್," ಎಂದಳು ಶಿಷ್ಯೆ ಶ್ರೀರಂಜಿನಿ. ಮೂರು ವರ್ಷ ಊರೂರು ಅಲೆದು, ಬಂಡೆಗಳ ಚೂರು ತೆಗೆದು ವಯಸ್ಸು ಪರೀಕ್ಷಿಸಿದವಳು ಅವಳು. ಸುತ್ತಲಿನ ಬಂಡೆಗಳೆಲ್ಲ ಹೆಚ್ಚುಕಡಿಮೆ ಒಂದೇ ವಾರಿಗೆಯವು. ಇದೊಂದು ಮಾತ್ರ ಅವೆಲ್ಲಕ್ಕಿಂತ ನಲವತ್ತು ಕೋಟಿ ವರ್ಷ ಹಿರಿದು. ಬಡಗಣ ನೆಲದ ತುಂಡೊಂದು ಎಂದೋ ಇಲ್ಲಿಗೆ ಸರಿದು ಬಂದಿದೆ ಎಂದು ಇನ್ನೂರು ಪುಟ ಬರೆದಾಗಿತ್ತು. ಸೋಮವಾರ ಪ್ರಬಂಧ ಸಲ್ಲಿಸಿದರೆ ಡಾಕ್ಟರ್ ಶ್ರೀರಂಜಿನಿ. ಮುಖಪುಟಕ್ಕೆ ಈ ಕಲ್ಲಿನ ಫೋಟೋ ಒಂದೇ ಬಾಕಿ.

ಚೂರು ತೆಗೆದ ದಿನ ಮನೆಯವರು ಭಾನುವಾರದ ಪೂಜೆಗೆ ಇಗರ್ಜಿಗೆ ಹೋಗಿದ್ದರು. ಅರ್ಧ ಮಣ್ಣಿನಲ್ಲಿ ಹೂತಿದ್ದ ಕಲ್ಲು ನೆಲದಿಂದಲೇ ಎದ್ದದ್ದೆಂದು ಅವಳು ನಂಬಿಬಿಟ್ಟಿದ್ದಳು.

ಬಟ್ಟೆಯ ಬಕೆಟ್ ಹಿಡಿದು ತೆರೆಜಾ ಬಾಯಿ ಬಂದರು. "ಇದರ ಮೂಲೆ ಹಾರಿಸಿದ್ದು ನೀನಾ? ನಾನು ಎರಡು ವರ್ಷದಿಂದ ನಮ್ಮ ಯಜಮಾನರಿಗೆ ಬೈತಾ ಇದ್ದೇನೆ."

"ತಪ್ಪಾಯ್ತು ಆಂಟಿ. ಆದರೆ ಈ ಕಲ್ಲು ಸಾಮಾನ್ಯದ್ದಲ್ಲ. ಇದು ಇಲ್ಲಿಯದ್ದೇ ಅಲ್ಲ, ಬಡಗಿನಿಂದ ಬಂದದ್ದು ಅಂತ ಪ್ರಬಂಧ ಬರೆದಿದ್ದೇನೆ."

ತೆರೆಜಾ ಬಾಯಿಯ ಮುಖ ಅರಳಿತು. "ನಿನಗೆ ಹೇಗೆ ಗೊತ್ತಾಯ್ತು ಮಗಾ? ಕಾರ್ಕಳದ್ದು. ನಾನು ಮದುವೆಯಾಗಿ ಬಂದಾಗ ಇಲ್ಲಿ ಕೆಂಪುಕಲ್ಲಿನ ಮೇಲೆ ಒಗೆಯುವುದು. ಎರಡೇ ತಿಂಗಳಲ್ಲಿ ನನ್ನ ಸೀರೆಯೆಲ್ಲ ಜರಡಿ. ಅಪ್ಪನಿಗೆ ಕಾಗದ ಹಾಕಿದೆ, ಕಳಿಸಿಕೊಟ್ಟರು. ಕಲ್ಲು ನಮ್ಮ ತವರಿನದ್ದು ಅಂತ ಅತ್ತೆ ಸಾಯುವವರೆಗೂ ಒಪ್ಪಲಿಲ್ಲ."

ಪ್ರೊಫೆಸರರು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡರು. ಶಿಷ್ಯೆಯ ಮುಖ ಮಾತ್ರ ನೋಡಲಿಲ್ಲ. ಶ್ರೀರಂಜಿನಿ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿದಳು. ಮೂರು ವರ್ಷದ ದುಡಿಮೆ ನೀರಿನಲ್ಲಿ ಹೋಮವಾಗಿತ್ತು.

"ಎಂತಕ್ಕೆ ಮುಖ ಸಣ್ಣ ಮಾಡುವುದು? ನೀನು ಬರೆದದ್ದು ಸರಿ ಉಂಟಲ್ಲ, ಬಡಗಿನಿಂದಲೇ ಬಂದದ್ದು," ತೆರೆಜಾ ಬಾಯಿ ಸಮಾಧಾನ ಮಾಡಿದರು. "ಬರಲಿಕ್ಕೆ ಎಷ್ಟು ಸಮಯ ಹಿಡಿಯಿತು ಅಂತ ಬರೆದಿದ್ದಿ?"

"ಐದು ಕೋಟಿ ವರ್ಷ," ಎಂದಳು ಶ್ರೀರಂಜಿನಿ, ಕೇಳಿಸಿಯೂ ಕೇಳಿಸದ ಹಾಗೆ.

ತೆರೆಜಾ ಬಾಯಿ ಒದ್ದೆ ಲುಂಗಿಯನ್ನು ಕಲ್ಲಿಗೆ ಎರಡು ಸಲ ಬಡಿದು ಯೋಚಿಸಿದರು.

"ಅಷ್ಟೆಲ್ಲ ಆಗಲಿಲ್ಲ ಮಗಾ. ಬೆಳಿಗ್ಗೆ ಹೊರಟ ಲಾರಿ, ಊಟದ ಹೊತ್ತಿಗೆ ಮುಟ್ಟಿತ್ತು. ಅದೊಂದು ತಿದ್ದಿಬಿಡು."