ಹಾಸಿನ ಮೇಲಿನ ಇಲಿ

ಗೋವಿಂದಪ್ಪನವರ ಕೈಯಲ್ಲಿದ್ದ ಕೋಲು ಮೇಲೆದ್ದಿತ್ತು. ಮಗ್ಗದಲ್ಲಿ ಅರ್ಧ ನೇಯ್ದ ಮದುವೆ ಸೀರೆ, ಅದರ ಉದ್ದಕ್ಕೆ ಬಿಗಿದ ರೇಷ್ಮೆ ಎಳೆಗಳ ಹಾಸಿನ ಮೇಲೆ ಇಲಿ. ಏಟು ಬಿದ್ದರೆ ಇಲಿಯ ಜೊತೆ ಎಳೆಗಳೂ ಹೋಗುತ್ತಿದ್ದವು.

"ಹೊಡೀಬೇಡ ನಾನ್ನಾ!" ರಜೆಗೆಂದು ಮೊಳಕಾಲ್ಮೂರಿಗೆ ಬಂದಿದ್ದ ಮಗಳು ಪ್ರಮೀಳಾ ಅಪ್ಪನಿಗೆ ಅಡ್ಡ ಬಂದಳು. ಬಾಲದ ಬುಡ ಹಿಡಿದು ಇಲಿಯನ್ನು ಮೆಲ್ಲಗೆ ಎತ್ತಿ, ತನ್ನ ತೋಳಿನ ಮೇಲೆ ಇಳಿಸಿಕೊಂಡು ಬೆನ್ನು ಸವರಿದಳು. ಪ್ರಯೋಗಾಲಯದಲ್ಲಿ ದಿನಾ ಮಾಡುವ ಕೆಲಸ. ಕೈ ತಾನಾಗಿ ಮಾಡಿತ್ತು. ಒಂದೆಳೆಯೂ ತುಂಡಾಗಲಿಲ್ಲ.

ಗೋವಿಂದಪ್ಪ ಕೋಲು ಇಳಿಸಿದರು. "ಮೆದುಳಿನ ಔಷಧಿ ಮೇಲೆ ಸಂಶೋಧನೆ ಅಂದಿದ್ದೆ. ಇದೆಲ್ಲಿ ಕಲ್ತೆ?"

ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗಲೆಲ್ಲ ಅವಳು ನುಂಗಿಕೊಂಡಿದ್ದ ಮಾತು ಈಗ ಹೊರಬಂತು. ನೇಕಾರರ ಮನೆಯಲ್ಲಿ ಇಲಿಯ ಹೆಸರೆತ್ತುವುದಾದರೂ ಹೇಗೆ? "ಔಷಧಿ ಮೊದ್ಲು ಇಲಿಗಳಿಗೇ ಕೊಡೋದು ನಾನ್ನಾ. ಒಂದ್ಸಲ ಹೋದ ದಾರಿ ನೆನಪಿಟ್ಕೊಳ್ತಾವಾ ಅಂತ ನೋಡ್ತೀವಿ."

"ಇಟ್ಕೊಂಡ್ವಾ?"

"ಹ್ಞೂಂ, ಚೆನ್ನಾಗೇ ಇಟ್ಕೊಂಡ್ವು," ಎಂದಳು ಪ್ರಮೀಳಾ, ಹೆಮ್ಮೆ ತಡೆಯಲಾಗದೆ.

ಗೋವಿಂದಪ್ಪ ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯಾ ಈಶ್ವರಮ್ಮ? ಓಡ್ಸಿದ ಇಲಿ ತಿರ್ಗಾ ನಮ್ಮ ಮಗ್ಗಕ್ಕೇ ಬರ್ತೈತಲ್ಲ, ಅದಕ್ಕೆ ಕಾರಣ ನಿನ್ನ ಮಗಳೇ!" ಈಶ್ವರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

ಇಲಿಯನ್ನು ಗುಡ್ಡದ ಕಡೆ ಬಿಟ್ಟು ಬರಲು ಪ್ರಮೀಳಾ ಹೊಸಿಲು ದಾಟುತ್ತಿದ್ದಂತೆ ಹಿಂದಿನಿಂದ ತಂದೆ ಕೂಗಿದರು: "ಅಮ್ಮಾ ಪ್ರಮೀಳಾ, ನಮ್ಮನೆ ದಾರಿ ಮರೆಯೋ ಔಷಧಿ ಏನಾದ್ರೂ ಐತಾ? ಬಿಡೋಕ್ ಮುಂಚೆ ಒಂದ್ ತೊಟ್ಟು ಕುಡ್ಸು!"