ಪೀಠದ ಮುಂದೆ ಒಂದು ಚಮಚ

ಈ ಕಥೆ ಓದುವ ಮುಂಚೆ ನಿಮ್ಮ ಅಡುಗೆಮನೆಯ ಒಂದು ಚಮಚವನ್ನು ನೆನಪು ಮಾಡಿಕೊಳ್ಳಿ… ಯಾವುದಾದರೂ ಸರಿ. ಅಂಚು ಸವೆದದ್ದಾದರೆ ಇನ್ನೂ ಒಳ್ಳೆಯದು.

ನಮ್ಮೂರಿನ ಚರ್ಚಿನಲ್ಲಿ ಒಂದು ಭಾನುವಾರ, ಪೂಜೆ ಮುಗಿಯುವ ಹೊತ್ತಿಗೆ ಫಾದರ್ ಹೇಳಿದರು…

"ಮುಂದಿನ ವಾರ ಸಂತ ಹೋಸೆಮರಿಯಾ ಅವರ ಸ್ಮರಣೆ. ಸ್ಪೇನ್ ದೇಶದ ಗುರುಗಳು. ಸಂತರಾಗೋಕೆ ಮನೆ ಮಠ ಬಿಟ್ಟು ಹೋಗಬೇಕಿಲ್ಲ, ದಿನಾ ಮಾಡೋ ಕೆಲಸಾನೇ ಪ್ರೀತಿಯಿಂದ ಅಚ್ಚುಕಟ್ಟಾಗಿ ಮಾಡಿ ದೇವರಿಗೆ ಒಪ್ಪಿಸಿದ್ರೆ ಅದೇ ಪ್ರಾರ್ಥನೆ ಅಂತ ಕಲಿಸಿದವರು. ಅದಕ್ಕೇ ಎಲ್ಲರೂ ನಿಮ್ಮ ಕೆಲಸದ ಒಂದು ಸಾಮಾನು ತಂದು ಪೀಠದ ಮುಂದೆ ಇಡಿ."

ಹೊರಗೆ ಚಪ್ಪಲಿ ಹುಡುಕುತ್ತಾ ಇನ್ನಾಸಮ್ಮ ಶುರು ಮಾಡಿದಳು. ಹೂವಿನ ವ್ಯಾಪಾರದವಳು, ಬಾಯಿ ಸ್ವಲ್ಪ ಜೋರು.

"ಹೊಸ ಮರಿಯಾ ಅಂತೆ ಕಣ್ರೇ. ಹಳೇ ಮರಿಯಮ್ಮಂಗೇ ಮೇಣದಬತ್ತಿ ಹಚ್ಚೋಕೆ ಪುರುಸೊತ್ತಿಲ್ಲ, ಈಗ ಹೊಸಬಳು ಬೇರೆ."

"ಅವರು ಗಂಡಸು ಕಣಕ್ಕಾ," ಎಂದರು ಯಾರೋ. ಎಲ್ಲರೂ ನಕ್ಕರು.

ಇನ್ನಾಸಮ್ಮ ಪಕ್ಕದ ಮನೆಯ ಫಿಲೋಮಿನಾಳ ಕಡೆ ತಿರುಗಿದಳು. "ನೀನೇನೇ ಇಡ್ತೀಯ? ಗಾರ್ಮೆಂಟ್ಸ್ ಕೆಲ್ಸ ಬಿಟ್ಟು ಮನೇಲಿ ಕೂತಿದೀಯಲ್ಲ."

ಫಿಲೋಮಿನಾ ಚಪ್ಪಲಿ ಮೆಟ್ಟಿ ಹೊರಟಳು. ಅವಳಿಗೆ ಮನೆಗೆ ಹೋಗುವ ಆತುರವಿತ್ತು… ಅತ್ತೆಗೆ ಗಂಜಿಯ ಹೊತ್ತಾಗಿತ್ತು.

ಅತ್ತೆ ಚೌರಮ್ಮನಿಗೆ ಸ್ಟ್ರೋಕ್ ಆಗಿ ಒಂದು ಕಡೆ ಕೈಕಾಲು ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಗಂಟಲು ನುಂಗುವುದನ್ನೇ ಮರೆತಿತ್ತು. ಆಸ್ಪತ್ರೆಯವರು ಊಟಕ್ಕೆಂದು ಮೂಗಿನಲ್ಲಿ ಟ್ಯೂಬ್ ಹಾಕಿ ಮನೆಗೆ ಕಳಿಸಿದ್ದರು.

ದಿನವೂ ಪೂಜೆಗೆ ಹೋಗುತ್ತಿದ್ದ ಹೆಂಗಸು. ಈಗ ಚರ್ಚಿನ ಗಂಟೆ ಕೇಳಿದರೆ ಮಲಗಿದಲ್ಲೇ ಬಾಯಿ ತೆರೆಯುತ್ತಿದ್ದಳು… ಪರಮಪ್ರಸಾದಕ್ಕೆ, ಪೂಜೆಯಲ್ಲಿ ಗುರುಗಳು ನಾಲಿಗೆಯ ಮೇಲಿಡುವ ಆ ತೆಳ್ಳನೆ ರೊಟ್ಟಿಗೆ.

ಫಾದರ್ ರೋಗಿಗಳಿಗೆ ಪ್ರಸಾದ ಕೊಡಲು ಬಂದಾಗಲೆಲ್ಲ ಇವಳ ಹಣೆ ಮುಟ್ಟಿ ಆಶೀರ್ವದಿಸಿ ಹೋಗುತ್ತಿದ್ದರು. ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಅವರು ಹೋದ ಮೇಲೂ ಆ ಬಾಯಿ ತೆರೆದೇ ಇರುತ್ತಿತ್ತು.

ಅದನ್ನು ನೋಡಿದ ದಿನವೇ, ಅತ್ತೆಗೆ ಮತ್ತೆ ನುಂಗಲು ಕಲಿಸಬೇಕೆಂದು ಫಿಲೋಮಿನಾ ನಿರ್ಧಾರ ಮಾಡಿದ್ದಳು.

ಆಸ್ಪತ್ರೆಯ ಥೆರಪಿಸ್ಟ್ ತೋರಿಸಿಕೊಟ್ಟಂತೆ ಅತ್ತೆಯನ್ನು ದಿಂಬಿಗೆ ಒರಗಿಸಿ ನೇರ ಕೂರಿಸುವುದು. ಗಲ್ಲ ಕೆಳಗೆ ಬಾಗಿಸುವುದು. ಅರ್ಧ ಚಮಚ ದಪ್ಪ ಗಂಜಿ. ಗಂಟಲು ಮೇಲೆದ್ದು ಇಳಿಯುವವರೆಗೆ ಕಾಯುವುದು… ಆಮೇಲೆ ಇನ್ನೊಂದು.

ಎಷ್ಟೋ ಸಲ ಗಂಜಿ ಪೂರ್ತಿ ಸೀರೆಯ ಮೇಲೆ. ಒಮ್ಮೆ ಅತ್ತೆ ಸಿಟ್ಟಿನಿಂದ ಚಮಚ ಕಿತ್ತು ಎಸೆದೇಬಿಟ್ಟಳು. ಫಿಲೋಮಿನಾ ಮಂಚದ ಕೆಳಗಿಂದ ಎತ್ತಿ, ತೊಳೆದು, ಮತ್ತೆ ಬಂದು ಕೂತಳು.

"ಸಿಟ್ಟು ಮಾಡ್ಕೊಳಿ ಅತ್ತೆ, ಪರವಾಗಿಲ್ಲ. ನುಂಗಿದ ಮೇಲೆ ಮಾಡ್ಕೊಳಿ."

ತಿಂಗಳುಗಳು ಕಳೆದು, ಕೊನೆಗೂ ಅತ್ತೆ ಗಂಜಿ ನುಂಗಲು ಕಲಿತಳು. ಡಾಕ್ಟರ್ ಟ್ಯೂಬ್ ತೆಗೆದರು. ಆದರೆ ಒಣ ರೊಟ್ಟಿಯಂಥ ಪ್ರಸಾದ… ಅದಕ್ಕೆ ಇನ್ನೂ ಯಾರಿಗೂ ಧೈರ್ಯವಿರಲಿಲ್ಲ.

ಫಾದರ್ ಹೇಳಿದ ಆ ವಾರದ ಶನಿವಾರ ಸಂಜೆ ಗಂಡ ಬಾಲರಾಜ ತನ್ನ ಸ್ಕೂಲ್ ವ್ಯಾನಿನ ಕೀ ಒರೆಸುತ್ತಾ ಅಂದ, "ಇಬ್ಬರದ್ದೂ ಸೇರಿ ಇದನ್ನೇ ಇಡೋಣ ಬಿಡೇ. ನಿಂದು ಅಂತ ಇನ್ನೇನೈತೆ?"

"ಐತೆ," ಎಂದಳು ಫಿಲೋಮಿನಾ.

ಭಾನುವಾರ ಪೀಠದ ಮುಂದೆ ಸಾಲು. ಕತ್ತರಿ, ಕುಡುಗೋಲು, ಲ್ಯಾಪ್‌ಟಾಪ್, ಇನ್ನಾಸಮ್ಮನ ಹೂವಿನ ಬುಟ್ಟಿ… ಅವುಗಳ ನಡುವೆ ಫಿಲೋಮಿನಾ ಕರವಸ್ತ್ರ ಬಿಚ್ಚಿ ಒಂದು ಸ್ಟೀಲ್ ಚಮಚ ಇಟ್ಟಳು.

"ಪಾಯಸ ಹಂಚ್ತಾರೇನೋ," ಇನ್ನಾಸಮ್ಮ ಪಿಸುಗುಟ್ಟಿದಳು. ಹಿಂದಿನ ಬೆಂಚಿನವರೆಗೂ ಕೇಳಿಸಿತು. ನನಗೂ ಕೇಳಿಸಿತು.

ಫಾದರ್ ಬಗ್ಗಿ ನೋಡಿದರು. "ಇದೇನಮ್ಮಾ?"

"ನನ್ನ ಕೆಲಸ ಫಾದರ್." ಅವಳು ಚಮಚದ ಕಡೆ ಕೈ ತೋರಿಸಿದಳು. "ಇದರಲ್ಲಿ ಅತ್ತೆಗೆ ನುಂಗೋದು ಕಲಿಸಿದೀನಿ. ಇವತ್ತು ಇದರಲ್ಲೇ ಅವರಿಗೆ ಪ್ರಸಾದ ಕೊಡ್ತೀರಾ? ಸಾಸಿವೆಯಷ್ಟು ಸಾಕು… ನೀರಲ್ಲಿ ಮೆತ್ತಗೆ ನೆನೆಸಿ. ಪಕ್ಕದಲ್ಲಿ ನಾನಿರ್ತೀನಿ."

ಫಾದರ್ ಚಮಚ ಕೈಗೆತ್ತಿಕೊಂಡು, "ಆಗಲಮ್ಮಾ" ಅಂದರು.

ಪೂಜೆ ಮುಗಿದ ಮೇಲೆ ಫಾದರ್ ಪ್ರಸಾದ ಹಿಡಿದು ಅವರ ಮನೆಗೆ ನಡೆದರು. ಆ ಚಮಚ ಅವರ ಕೈಯಲ್ಲೇ ಇತ್ತು. ಹಿಂದೆ ಅರ್ಧ ಊರು… ಇನ್ನಾಸಮ್ಮನೂ.

ಫಿಲೋಮಿನಾ ಅತ್ತೆಯನ್ನು ಕೂರಿಸಿ ಗಲ್ಲ ಬಾಗಿಸಿದಳು. ಫಾದರ್ ಪ್ರಸಾದದ ಚಿಕ್ಕ ಚೂರನ್ನು ಚಮಚದಲ್ಲಿ ನೆನೆಸಿ ಅತ್ತೆಯ ನಾಲಿಗೆಗೆ ಮುಟ್ಟಿಸಿದರು.

ಚೌರಮ್ಮ ಬಾಯಿ ಮುಚ್ಚಿದಳು… ಗಂಟಲು ಅಲುಗಲಿಲ್ಲ.

ಬಾಲರಾಜ ಗೋಡೆಯ ಕಡೆ ತಿರುಗಿಬಿಟ್ಟ.

"ಆತುರ ಇಲ್ಲ ಅತ್ತೆ," ಎಂದಳು ಫಿಲೋಮಿನಾ, ದಿನಾ ಹೇಳುವ ಹಾಗೆಯೇ. "ನಿಧಾನಕ್ಕೆ. ನಾನು ಇಲ್ಲೇ ಇದೀನಿ."

ಕಾದರು…

ಗಂಟಲು ಮೇಲೆದ್ದಿತು. ಇಳಿಯಿತು.

ಚೌರಮ್ಮನ ಕಣ್ಣಿಂದ ನೀರು ಸುರಿಯುತ್ತಿತ್ತು. ಮರುಕ್ಷಣ ಅವಳು ಮತ್ತೆ ಬಾಯಿ ತೆರೆದಳು, ದಿನವೂ ಮುಂದಿನ ಚಮಚಕ್ಕೆ ತೆರೆಯುವ ಹಾಗೆ.

ಫಾದರ್ ಕಣ್ಣೊರೆಸಿಕೊಂಡು ನಕ್ಕರು. ಫಿಲೋಮಿನಾ ಅಳುತ್ತಾ ನಕ್ಕಳು. "ಅದು ಇವತ್ತಿಗೆ ಅಷ್ಟೇ ಅತ್ತೆ. ಇನ್ನು ಗಂಜಿ."

ಅಷ್ಟರಲ್ಲಿ ಅಡುಗೆಮನೆಯಿಂದ ಗಂಜಿಯ ಬಟ್ಟಲು ಹಿಡಿದು ಬಂದವಳು ಇನ್ನಾಸಮ್ಮ. ಸೆರಗಿನಿಂದ ಮೂಗು ಒರೆಸಿಕೊಂಡು, ಬಟ್ಟಲನ್ನು ಫಿಲೋಮಿನಾಳ ಕೈಗಿಟ್ಟಳು.

"ಆರೋಗ್ತಾ ಐತೆ ಕಣೇ… ತಗೋ. ನಿನ್ನ ಕೆಲ್ಸ ನೀನು ಮಾಡು, ಹೊಸ ಮರಿಯಾ."

…

ಕೂಲಿಯಿಲ್ಲ, ಹೆಸರಿಲ್ಲ ಎಂದು ಯಾವ ಕೆಲಸವೂ ಚಿಕ್ಕದಲ್ಲ… ಪ್ರೀತಿಯಿಂದ ಬಿಡದೆ ಮಾಡಿದರೆ ಅದೇ ಪ್ರಾರ್ಥನೆ.

ನಾಳೆ ಯಾರಾದರೂ "ನಿನ್ನ ಕೆಲಸದ ಸಾಮಾನು ತಂದು ದೇವರ ಮುಂದೆ ಇಡು" ಎಂದರೆ… ನೀವು ಏನನ್ನು ಇಡುತ್ತೀರಿ?